ಇನ್ನೂರು ಕುರಿಯ ಮನೆತನ

ನಿಪ್ಪಾಣಿಯ ಅಕ್ಕುತಾಯಿ ಟ್ರಸ್ಟಿನವರು ಮಂಗಳವಾರ ಮಧ್ಯಾಹ್ನ ವಾಟ್ಸಾಪಿಗೆ ಕಳಿಸಿದ ಪಟ್ಟಿಯಲ್ಲಿ ಹನ್ನೆರಡು ಹೆಸರುಗಳಿದ್ದವು. ಆ ಹನ್ನೆರಡು ಜನರಿಗೆ ಬರುವ ಭಾನುವಾರ ರಿಪೇರಿ ಮಾಡಿದ ಹಳೆಯ ಲ್ಯಾಪ್‌ಟಾಪ್ ಪುಕ್ಕಟೆ ಸಿಗಲಿತ್ತು. ಗಂಗಾ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದಳು. ಕೆಳಗಿನಿಂದ ಮೇಲಕ್ಕೂ ಓದಿದಳು, ಹಾಗೆ ಓದಿದರೆ ಸಿಕ್ಕೀತು ಎನ್ನುವ ಹಾಗೆ. ಅವಳ ಹೆಸರು ಪುಟದ ತಳದಲ್ಲಿತ್ತು, 'ಕೈಬಿಟ್ಟ ಅರ್ಜಿಗಳು' ಎಂಬ ಸಾಲಿನ ಕೆಳಗೆ. ಎದುರಿಗೆ ಕಾರಣವನ್ನೂ ಬರೆದಿದ್ದರು: ಸ್ಥಿತಿವಂತರು.

ಚಿಕ್ಕೋಡಿಯ ಕಾಲೇಜಿನ ಮೆಟ್ಟಿಲ ಮೇಲೆ ಪಕ್ಕದಲ್ಲೇ ಕೂತಿದ್ದ ಗೆಳತಿ ರೂಪಾಲಿ ಇಣುಕಿ ನೋಡಿ ಜೋರಾಗಿ ನಕ್ಕಳು.

"ಲೇ ಗಂಗೀ, ಸಾಹುಕಾರ್ತಿ! ಮೂರು ವರ್ಷ ನನ್ನ ಡಬ್ಬಿ ತಿಂದೀಯಲ್ಲ, ನಾಳೆಯಿಂದ ನೀನ ತರಾಕ ಚಾಲೂ ಮಾಡು."

"ಬಾಯಿ ಮುಚ್ಚ ಸ್ವಲ್ಪ."

ರೂಪಾಲಿ ಬಾಯಿ ಮುಚ್ಚಿದಳು. ಗಂಗಾಳ ಮುಖ ನೋಡಿದ ಮೇಲೆ ನಗುವ ಮಾತು ಇದಲ್ಲ ಎಂದು ಅವಳಿಗೂ ತಿಳಿಯಿತು.

ಬಿಸಿಎ ಕೊನೆಯ ವರ್ಷ. ಜನವರಿ ಇಪ್ಪತ್ತೆಂಟಕ್ಕೆ ಪ್ರಾಜೆಕ್ಟ್ ನಡೆಸಿ ತೋರಿಸಬೇಕು. ತೋರಿಸದಿದ್ದರೆ ಗೈಡ್ ಸಹಿ ಹಾಕುವುದಿಲ್ಲ, ಸಹಿ ಇಲ್ಲದಿದ್ದರೆ ಆರು ತಿಂಗಳು ಮತ್ತೆ ಅದೇ ಬೆಂಚು. ಹಾಸ್ಟೆಲಿನಲ್ಲಿ ಆ ಆರು ತಿಂಗಳಿಗೆ ಜಾಗ ಕೊಡುವುದಿಲ್ಲ. ಜಾಗವಿಲ್ಲದಿದ್ದರೆ ಊರು. ಊರಿಗೆ ಹೋದ ಹುಡುಗಿ ಆರು ತಿಂಗಳ ನಂತರ ಚಿಕ್ಕೋಡಿಗೆ ವಾಪಸ್ ಬಂದದ್ದನ್ನು ಗಂಗಾ ಇನ್ನೂ ನೋಡಿರಲಿಲ್ಲ.

ಪ್ರಾಜೆಕ್ಟ್ ಏನು ದೊಡ್ಡದಲ್ಲ. ಹಾಸ್ಟೆಲ್ ಗ್ರಂಥಾಲಯದ ಪುಸ್ತಕಗಳನ್ನು ಕೊಡುವ, ಹಿಂದಕ್ಕೆ ಪಡೆಯುವ ಲೆಕ್ಕ ಇಡುವ ಒಂದು ಪ್ರೋಗ್ರಾಂ. ಕಾಲೇಜಿನಲ್ಲಿ ಪ್ರತಿವರ್ಷ ಹತ್ತು ಜನವಾದರೂ ಅದನ್ನೇ ಮಾಡುತ್ತಾರೆ. ಗಂಗಾ ಅದರ ಮುಕ್ಕಾಲು ಭಾಗವನ್ನು ಮೊಬೈಲಿನಲ್ಲೇ ಟೈಪ್ ಮಾಡಿದ್ದಳು, ಹೆಬ್ಬೆರಳು ಜುಮ್ಮೆನ್ನುವವರೆಗೆ. ಅದನ್ನು ನಡೆಸಿ ನೋಡಲು ಮಾತ್ರ ಕಂಪ್ಯೂಟರೇ ಬೇಕು. ಕಾಲೇಜಿನ ಲ್ಯಾಬ್ ನಾಲ್ಕೂವರೆಗೆ ಬೀಗ. ರೂಪಾಲಿ ತನ್ನ ಲ್ಯಾಪ್‌ಟಾಪನ್ನು ದಿನಕ್ಕೊಂದು ತಾಸು ಕೊಡುತ್ತಿದ್ದಳು. ಈಗ ಅವಳದೇ ಪ್ರಾಜೆಕ್ಟ್ ಅರ್ಧಕ್ಕೆ ನಿಂತಿತ್ತು.

ಲ್ಯಾಪ್‌ಟಾಪಿಗಾಗಿ ಗಂಗಾ ಎರಡು ವರ್ಷದಿಂದ ಹುಡುಕುತ್ತಿದ್ದಳು. ಕಟ್ಟಡ ಕಾರ್ಮಿಕರ ಮಕ್ಕಳಿಗೆ ಒಂದು ಯೋಜನೆ ಇತ್ತು. ಅವಳಪ್ಪ ಕುರಿ ಕಾಯುವವನು, ಇಟ್ಟಿಗೆ ಹೊತ್ತವನಲ್ಲ. ಇನ್ನೊಂದಕ್ಕೆ ಪಿಯುಸಿಯಲ್ಲಿ ತೊಂಬತ್ತು ಬೇಕಿತ್ತು, ಅವಳದು ಎಂಬತ್ತೇಳು. 'ಎಲ್ಲ ವಿದ್ಯಾರ್ಥಿಗಳಿಗೂ ಉಚಿತ ಲ್ಯಾಪ್‌ಟಾಪ್' ಎಂದು ವಾರಕ್ಕೊಮ್ಮೆ ಯಾರಾದರೂ ಲಿಂಕ್ ಕಳಿಸುತ್ತಿದ್ದರು. ಒತ್ತಿದರೆ ತೊಂಬತ್ತೊಂಬತ್ತು ರೂಪಾಯಿ ಕೇಳುತ್ತಿತ್ತು. ಒಮ್ಮೆ ಕಟ್ಟಿಯೂ ಬಿಟ್ಟಿದ್ದಳು. ಬಸ್ ಸ್ಟ್ಯಾಂಡ್ ಎದುರಿನ ಸೆಕೆಂಡ್ ಹ್ಯಾಂಡ್ ಅಂಗಡಿಯವನು ಹದಿನಾಲ್ಕು ಸಾವಿರ ಹೇಳಿ, "ತಂಗಿ, ನಿನಗಂತ ಹದಿಮೂರೂವರಿ" ಎಂದಿದ್ದ. ಎಲ್ಲ ಬಾಗಿಲೂ ಮುಚ್ಚಿದ ಮೇಲೆ ಸಿಕ್ಕದ್ದು ಅಕ್ಕುತಾಯಿ ಟ್ರಸ್ಟ್. ಪುಣೆ, ಕೊಲ್ಹಾಪುರದ ಆಫೀಸುಗಳು ಎಸೆಯುವ ಲ್ಯಾಪ್‌ಟಾಪ್‌ಗಳನ್ನು ತಂದು, ರಿಪೇರಿ ಮಾಡಿಸಿ, ಸುತ್ತಲಿನ ತಾಲೂಕುಗಳ ಮಕ್ಕಳಿಗೆ ಕೊಡುತ್ತಿದ್ದರು. ಗಂಗಾ ಅರ್ಜಿ ಹಾಕಿ ಎರಡು ತಿಂಗಳಾಗಿತ್ತು.

ಅವಳು ಪಟ್ಟಿಯ ಕೆಳಗಿದ್ದ ನಂಬರಿಗೆ ಫೋನ್ ಮಾಡಿದಳು. ಎತ್ತಿಕೊಂಡದ್ದು ಟ್ರಸ್ಟ್ ನಡೆಸುವ ತ್ರಿಶಲಾ ಮೇಡಂ.

"ಅಗ ಬಾಳ, ನನ್ನ ಮ್ಯಾಲ ಸಿಟ್ಟ ಮಾಡಬ್ಯಾಡ," ಎಂದರು ಮೇಡಂ, ಮಗುವನ್ನು ಕರೆಯುವ ನಿಪ್ಪಾಣಿಯ ಮರಾಠಿ ಬೆರೆಸಿ. "ನಮ್ಮ ಮಾಸ್ತರು ಖುದ್ದ ನಿಮ್ಮ ಮನೀಗೆ ಹೋಗಿ ನೋಡಿ ಬಂದಾರ. ಇನ್ನೂರು ಕುರಿ, ಬಾಗಲದಾಗ ಟ್ರ್ಯಾಕ್ಟರ್, ನಿಮ್ಮವ್ವನ ಕೊರಳಾಗ ಬೋರಮಾಳ. ನಿನಗ ಕೊಟ್ಟು ಕುಂತ್ರ ಇಲ್ಲದವ್ರಿಗೆ ಏನ್ ಕೊಡ್ಲಿ?"

ಗಂಗಾಳಿಗೆ ಬೇರೆ ಯಾರದೋ ಮನೆಯ ಸುದ್ದಿ ಕೇಳಿದಂತಾಯಿತು.

"ಮೇಡಂ, ನಮ್ಮ ಮನ್ಯಾಗ ಟ್ರ್ಯಾಕ್ಟರ್ ಇಲ್ಲರಿ. ಸೈಕಲ್ ಸೈತ ಇಲ್ಲ."

"ಹಂಗಂತ ನೀ ಅಂತಿ. ಟ್ರ್ಯಾಕ್ಟರ್ ನಮ್ಮದ ಅಂತ ನಿಮ್ಮವ್ವ ಅಂದಾಳ. ರಾಯಬಾಗಕ್ಕ ಹೋಗಿ ಅಮೋಘಸಿದ್ದ ಮಾಸ್ತರ ಕಡೆ ಮಾತಾಡು. ಅವರು ಬರದದ್ದನ್ನ ನಾ ಅಳಸಾಕಿ ಅಲ್ಲ. ಶನಿವಾರ ಸಂಜಿ ಮಟ ಟೈಮ್ ಐತಿ."

ಗಂಗಾ ಫೋನ್ ಇಟ್ಟು, ಮತ್ತೆ ಎತ್ತಿ, ತನ್ನೂರು ಅನಂತಪುರಕ್ಕೆ ಹಚ್ಚಿದಳು. ಅವ್ವ ಲಗಮವ್ವ ಯಾವಾಗಲೂ ಮೂರನೇ ಸಲಕ್ಕೆ ಎತ್ತುವವಳು. ಎತ್ತಿದಳು.

"ಅವ್ವಾ, ಮನೀಗೆ ಯಾರರೆ ಬಂದಿದ್ರೇನ?"

"ಯಾರ? ಯಾರೂ ಇಲ್ಲ ಬಿಡು." ಆ ದನಿಯಲ್ಲಿ ಒಂದು ಮುಚ್ಚಿಟ್ಟ ಸಂತೋಷವಿತ್ತು.

"ಅವ್ವಾ."

"ನಿನ್ನ ಪರೀಕ್ಷೆ ಮುಗೀಲಿ, ಆಮ್ಯಾಲ ಹೇಳಿದ್ರಾತು ಅಂದಾನ ನಿಮ್ಮಪ್ಪ. ಯಾರ ಹೇಳಿದ್ರ ನಿನಗ? ಛಲೋ ಮನೆತನ ಬೇ. ರಾಯಬಾಗದಾಗ ಸ್ವಂತ ಮನಿ, ಮಾಸ್ತರಕಿ ಮಾಡಿ ಪೆನ್ಶನ್ ತಗೊಳಾಕತ್ತಾರ. ಆ ಅಕ್ಕಾರಂತೂ ಎಷ್ಟ ಸಮಾಧಾನದ ಹೆಣಮಗಳು! ನಿನ್ನ ಫೋಟೋ ನೋಡಿ, ಹುಡುಗಿ ಭಾಳ ಶಾಣ್ಯಾಕಿ ಅದಾಳ ಅಂದ್ರು."

ಗಂಗಾ ಕಣ್ಣು ಮುಚ್ಚಿದಳು.

"ಅವ್ವಾ, ಅವರು ಹೆಣ್ಣ ನೋಡಾಕ ಬಂದವ್ರಲ್ಲ. ನಮ್ಮ ಬಡತನ ನೋಡಾಕ ಬಂದವ್ರು."

ಆ ಕಡೆ ಸ್ವಲ್ಪ ಹೊತ್ತು ಎಮ್ಮೆ ಕೂಗಿದ್ದಷ್ಟೇ ಕೇಳಿಸಿತು. ಅದೂ ಪಕ್ಕದ ಮನೆಯ ಎಮ್ಮೆ.

"ಹಂಗಾದ್ರ ಹುಡುಗ?"

"ಹುಡುಗ ಇಲ್ಲ. ಲ್ಯಾಪ್‌ಟಾಪ್ ಇತ್ತು. ಅದೂ ಹೋತು."

"ಅಯ್ಯ ಶಿವನ," ಎಂದಳು ಲಗಮವ್ವ. "ತುಪ್ಪ ಹಾಕಿ ಶಿರಾ ಮಾಡಿದ್ನೆಲ್ಲ ಬೇ!"

ನಡೆದದ್ದು ಇಷ್ಟು. ಎಳ್ಳು ಅಮಾವಾಸ್ಯೆಯ ಮರುದಿನ, ಅಪ್ಪ ಮಾಳಸಿದ್ದ ಹಬ್ಬಕ್ಕೆಂದು ಮನೆಗೆ ಬಂದವನು ಇನ್ನೂ ಹಿಂಡಿಗೆ ಹೊರಟಿರಲಿಲ್ಲ. ಹಣೆಗೆ ಭಂಡಾರ ಹಚ್ಚಿದ, ಬಿಳಿ ಟೋಪಿಯ ಒಬ್ಬ ಹಿರಿಯರು ಹೆಂಡತಿಯೊಂದಿಗೆ ಮನೆ ಕೇಳಿಕೊಂಡು ಬಂದರು. ಕುಡಿಯಲು ನೀರು ಕೇಳಿದರು. ಕೂತರು. ಊರು, ಕುಲದ ಬೆಡಗು, ಮಕ್ಕಳೆಷ್ಟು, ಹುಡುಗಿ ಏನು ಓದುತ್ತಾಳೆ, ಹೊಲವೆಷ್ಟು, ಕುರಿ ಎಷ್ಟು ಎಂದು ಒಂದೊಂದಾಗಿ ವಿಚಾರಿಸಿದರು. ಯಾಕೆ ಬಂದೆವೆಂದು ಮಾತ್ರ ಹೇಳಲಿಲ್ಲ. ಆ ಕಡೆ ಹೆಣ್ಣು ಕೇಳಲು ಬಂದವರು ಮೊದಲ ಸಲ ಥೇಟ್ ಹೀಗೆಯೇ ಬರುತ್ತಾರೆ, ಹೀಗೆಯೇ ಕೇಳುತ್ತಾರೆ. ಬಾಯಿಬಿಟ್ಟು ವಿಷಯ ಎತ್ತುವುದು ಎರಡನೇ ಸಲಕ್ಕೆ. ಮಾಳಸಿದ್ದ ಹೆಂಡತಿಗೆ ಕಣ್ಸನ್ನೆ ಮಾಡಿದ. ಲಗಮವ್ವ ಹಿತ್ತಲಿನಿಂದ ಜಿಗಿದು ಪಕ್ಕದ ಮನೆಯ ಭರಮುನ ಹೆಂಡತಿಯ ಚಿನ್ನದ ಬೋರಮಾಳ ಹಾಕಿಕೊಂಡು ಬಂದಳು. ಭರಮುನ ಟ್ರ್ಯಾಕ್ಟರ್ ನೆರಳಿಗೆಂದು ಇವರ ಬಾಗಿಲಿಗೆ ನಿಂತಿತ್ತು, ಅದೂ ಇವರದೇ ಆಯಿತು. ಕುರಿ ಎಷ್ಟು ಎಂದಾಗ ಮಾಳಸಿದ್ದ ಇನ್ನೂರು ಎಂದ. ಮೀಸೆಯ ಮೇಲೆ ಕೈ ಹೋಗಿತ್ತೋ ಇಲ್ಲವೋ, ಲಗಮವ್ವನಿಗೆ ನೆನಪಿಲ್ಲ.

ಇನ್ನೂರು ಎಂಬುದು ಪೂರ್ತಿ ಸುಳ್ಳೂ ಅಲ್ಲ. ಅವನು ಕಾಯುತ್ತಿದ್ದದ್ದು ಇನ್ನೂರನ್ನೇ. ಅದರಲ್ಲಿ ಹೆಚ್ಚಿನವು ಪಾಲಿನವು: ಕುರಿ ಬೇರೆಯವರವು, ಕಾಯುವುದು ಇವನು, ಹುಟ್ಟಿದ ಮರಿಗಳಲ್ಲಿ ಇಬ್ಬರಿಗೂ ಪಾಲು. ಹೆಣ್ಣು ಗಂಡಿನ ಮಾತುಕತೆಯಲ್ಲಿ ಪಾಲಿನ ಕುರಿಯನ್ನೂ ಸೇರಿಸಿ ಹೇಳುವುದು ರೂಢಿ. ಹೇಳುವವರು ಕೂಡಿಸಿ ಹೇಳುತ್ತಾರೆ, ಕೇಳುವವರು ಕಳೆದು ಕೇಳುತ್ತಾರೆ. ಯಾರಿಗೂ ಮೋಸವಿಲ್ಲ. ಈ ಸಲ ಕೇಳಿದವರು ಕಳೆಯಲಿಲ್ಲ, ಬರೆದುಕೊಂಡರು.

ಬುಧವಾರ ಬೆಳಿಗ್ಗೆಯ ಬಸ್ಸಿಗೆ ಗಂಗಾ ರಾಯಬಾಗಕ್ಕೆ ಹೋದಳು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಿ ಬಸ್ಸು ಮುಟ್ಟುವಷ್ಟರಲ್ಲಿ ಹನ್ನೊಂದಾಗಿತ್ತು. ಅಮೋಘಸಿದ್ದ ಮಾಸ್ತರರ ಮನೆ ಹಳೆಯ ತರಕಾರಿ ಪೇಟೆಯ ಹಿಂದಿನ ಓಣಿಯಲ್ಲಿ ಸಿಕ್ಕಿತು. ಮಾಸ್ತರರು ಕಟ್ಟೆಯ ಮೇಲೆ ಕೂತು ಪೇಪರ್ ಓದುತ್ತಿದ್ದರು. ಅವರ ಹೆಂಡತಿ ಅನುಸೂಯಾ ಅವರು ಪಕ್ಕದಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಗಂಗಾ ಹೆಸರು, ಊರು ಹೇಳುತ್ತಲೇ ಮಾಸ್ತರರು ಪೇಪರ್ ಮಡಚಿದರು.

"ಹೆಸರು ಬರಲಾರದವರು ಎಲ್ಲಾರೂ ಬರತಾರ, ತಂಗಿ. ನಿನ್ನ ಮುಂಚೆ ಇಬ್ಬರು ಬಂದ ಹೋದ್ರು. ನಾ ಕಂಡದ್ದ ಬರದೇನಿ."

"ನೀವು ಕಂಡದ್ದು ಟ್ರ್ಯಾಕ್ಟರ್ ಸರ್. ಅದು ಭರಮು ಕಾಕಾಂದು."

"ಕುರಿ?"

"ಪಾಲಿನವು."

"ಬೋರಮಾಳ?"

"ಭರಮು ಕಾಕಾನ ಹೇಣ್ತಿದು."

"ಹಂಗಾದ್ರ ನಿಮ್ಮ ಮನ್ಯಾಗ ನಿಮ್ಮದು ಏನೈತಿ?"

"ಶಿರಾ ನಮ್ಮದರಿ," ಎಂದಳು ಗಂಗಾ. "ತುಪ್ಪ ಗೊತ್ತಿಲ್ಲ."

ಅನುಸೂಯಾ ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮಾಸ್ತರರು ನಗಲಿಲ್ಲ. ಮೂವತ್ತೆರಡು ವರ್ಷ ಹುಡುಗರ ನೆಪ ಕೇಳಿದ ಮುಖ ಅದು.

"ನೋಡವಾ, ನಾ ಯಾಕ ವಿಷಯ ಹೇಳದ ಹೋಗತೀನಿ ಗೊತ್ತೈತೇನ? ಪುಕ್ಕಟೆ ಕೊಡಾಕ ಬಂದೇವಿ ಅಂತ ಹೇಳಿ ನೋಡು, ಬೈಕ್ ಹಿತ್ತಲಕ್ಕ ಹೋಗತೈತಿ, ಟಿವಿ ಮ್ಯಾಲ ಗೋಣಿಚೀಲ ಬೀಳತೈತಿ. ಒಬ್ಬಾಂವ ಫ್ರಿಜ್ಜಿಗೆ ಸೀರಿ ಉಡಿಸಿ ದೇವರು ಅಂದಾನ. ಬಡತನ ಹೆಚ್ಚಿಗಿ ಮಾಡಿ ತೋರಿಸಿದವ್ರನ್ನ ರಗಡ ನೋಡೇನಿ. ಇದ್ದದ್ದು ಹೆಚ್ಚಿಗಿ ಮಾಡಿ ಹೇಳೂ ಮಂದಿ ಯಾಕಿರತಾರ? ಅದಕ್ಕ ನಿಮ್ಮಪ್ಪ ಹೇಳಿದ್ದು ಖರೇನ ಅಂತ ಬರಕೊಂಡೆ."

ಗಂಗಾಳಿಗೆ ಸಿಟ್ಟು ಬಂತು, ಅಳುವೂ ಬಂತು. ಅತ್ತರೆ ಮುಂಚೆ ಬಂದ ಇಬ್ಬರ ಸಾಲಿಗೆ ತಾನೂ ಸೇರುತ್ತೇನೆಂದು ಗೊತ್ತಿದ್ದುದರಿಂದ ಸಿಟ್ಟನ್ನೇ ಆರಿಸಿಕೊಂಡಳು.

"ನೀವು ನನ್ನ ನೋಡಾಕ ಬಂದೀರಿ ಅಂತ ತಿಳಕೊಂಡ್ರು ಸರ್."

"ನೋಡಾಕ ಅಂದ್ರ?"

"ನಿಮ್ಮ ಮಗಗ."

ಮಾಸ್ತರರು ಹೆಂಡತಿಯ ಕಡೆ ನೋಡಿದರು. ಅನುಸೂಯಾ ಅವರ ಕೈಯಲ್ಲಿದ್ದ ಸೊಪ್ಪು ಅಲ್ಲೇ ನಿಂತಿತ್ತು.

"ನಮಗ ಇಬ್ರೂ ಹೆಣಮಕ್ಕಳು," ಎಂದರು ಮಾಸ್ತರರು ನಿಧಾನವಾಗಿ. "ಇಬ್ರದೂ ಲಗ್ನಾಗಿ ಹತ್ತ ವರ್ಷಾತು."

"ನಾ ಅವತ್ತ ಅಂದಿರಲಿಲ್ಲೇನ್ರಿ!" ಅನುಸೂಯಾ ಅವರ ದನಿ ಏರಿತು. "ಹೊರಡೂ ಮುಂದ ಆ ಹೆಣಮಗಳು ನನಗ ಉಡಿ ತುಂಬಿ, ಬರ್ರಿ ಬೀಗಿತಿ ಅಂದಳು. ಪ್ರೀತೀಲೆ ಅಂತಾಳ ಬಿಡು ಅಂದ್ರಿ ನೀವು. ಕೈಯಾಗ ಕಾಯಿ, ಕುಬಸಾ, ಎಲ್ಲಾ ಕೊಟ್ಟಳು. ಆ ಕುಬಸಾ ಇನ್ನ ಟ್ರಂಕಿನ್ಯಾಗ ಐತಿ."

"ಅದು ಮನೀ ಸಂಪ್ರದಾಯ ಅಂತ..."

"ಎಲ್ಲೀ ಸಂಪ್ರದಾಯ! ಲ್ಯಾಪ್‌ಟಾಪ್ ತಪಾಸಣಿಗೆ ಹೋದವರಿಗೆ ಯಾರರೆ ಉಡಿ ತುಂಬತಾರೇನ?"

ಮಾಸ್ತರರು ಟೋಪಿ ತೆಗೆದು ತಲೆ ಕೆರೆದುಕೊಂಡರು. ಮೊದಲ ಬಾರಿಗೆ ಅವರ ಮುಖದಲ್ಲಿ ಖಾತ್ರಿ ಕಡಿಮೆಯಾಗಿತ್ತು. ಆದರೂ ಹಟ ಬಿಡಲಿಲ್ಲ. ಅರ್ಜಿಯಲ್ಲಿ ಆದಾಯ ಪ್ರಮಾಣಪತ್ರವಿದೆ, ಆದರೆ ಅದು ಎಲ್ಲರದೂ ಒಂದೇ ತರ ಇರುತ್ತದೆ, ಅದಕ್ಕೇ ತಾವು ಮನೆ ಮನೆ ತಿರುಗುವುದು ಎಂದರು. ಬರೆದದ್ದನ್ನು ಹೊಡೆದು ಹಾಕಬೇಕಾದರೆ ಕಣ್ಣಿಗೆ ಏನಾದರೂ ಕಾಣಬೇಕು. ಕುರಿ ಯಾರವು ಎಂದು ಕುರಿಯೇ ಹೇಳೀತೇ?

"ಹೇಳತಾವರಿ," ಎಂದಳು ಗಂಗಾ. "ಕಿವಿ ನೋಡ್ರಿ."

ಮಾಸ್ತರರು ಅವಳನ್ನು ಒಂದು ಕ್ಷಣ ದಿಟ್ಟಿಸಿದರು. ಆಮೇಲೆ ಕೇಳಿದರು, "ಹಿಂಡು ಈಗ ಎಲ್ಲೈತಿ?"

ಹಿಂಡು ಅಂಕಲಿಯಲ್ಲಿತ್ತು. ಕೃಷ್ಣೆಯ ದಂಡೆಯಲ್ಲಿ ಕಬ್ಬು ಕಡಿದು ಖಾಲಿಯಾದ ಹೊಲಗಳಲ್ಲಿ ಗೊಬ್ಬರಕ್ಕಾಗಿ ರಾತ್ರಿಯಿಡೀ ಕುರಿ ತರಬಿ ನಿಲ್ಲಿಸುವುದು ಆ ತಿಂಗಳ ಕೆಲಸ. ಗಂಗಾ ಅಪ್ಪನಿಗೆ ಫೋನಿನಲ್ಲಿ ಎಲ್ಲ ಹೇಳಿದಳು. "ಇಲ್ಲಿ ಬ್ಯಾಡ," ಎಂದ ಅವನು.

"ಯಾಕ?"

"ರಾವಸಾಹೇಬರ ಹೊಲದಾಗ ಅದೇನಿ. ಅರ್ಧಾ ಕುರಿ ಅವರವು. ಅವರ ಕುರಿ ನನ್ನವು ಅಂತ ಹೇಳೇನಿ ಅಂತ ಅವರ ಕಿವಿಗೆ ಬಿದ್ರ? ಪಾಲಿನ ಕುರಿ ಸ್ವಂತದ್ದು ಅಂದಾಂವಗ ನಾಳೆ ಯಾರ ಕುರಿ ಕೊಡತಾರ? ಇವತ್ತ ನನ್ನವು ಅಂದಾಂವ ನಾಳೆ ಮಾರತಾನ ಅಂತಾರ."

ಗಂಗಾಳಿಗೆ ಇದು ಹೊಳೆದಿರಲಿಲ್ಲ. ಒಂದು ಲ್ಯಾಪ್‌ಟಾಪಿಗಾಗಿ ಅಪ್ಪನ ಹಿಂಡೇ ಹೋಗಬಹುದಿತ್ತು. ಅವಳು ಮೆಲ್ಲಗೆ ಕೇಳಿದಳು.

"ಮತ್ತೊಂದು ಕಡೆ ಬರಾಕ ಹೇಳ್ಲೇನ ಅವರಿಗೆ?"

"ಹಿಂಡು ಹೋಗೂದು ಮುಂದಿನ ವಾರ. ನಿಂದು ಯಾವಾಗ?"

"ಶನಿವಾರ ಸಂಜಿ ಮಟ."

ಮಾಳಸಿದ್ದ ಉಸಿರು ಬಿಟ್ಟ. "ಬರಾಕ ಹೇಳು. ಮುಂಜಾನೆ ಬರ್ರಿ ಅನ್ನು. ಬಿಸಲಾದ್ರ ಮೇಯಾಕ ಬಿಡಬೇಕು."

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಗಂಗಾ ಅಂಕಲಿಯಲ್ಲಿ ಬಸ್ಸಿಳಿದು ಹೊಲದ ದಾರಿ ಹಿಡಿದಳು. ಮಾಸ್ತರರು ಸ್ಕೂಟರಿನಲ್ಲಿ ಆಗಲೇ ಬಂದಿದ್ದರು. ಬಲೆಯ ಬೇಲಿಯೊಳಗೆ ಕುರಿಗಳು ಹೊರಗೆ ಬಿಡಲಿಲ್ಲವೆಂದು ಗಲಾಟೆ ಮಾಡುತ್ತಿದ್ದವು. ಮಾಳಸಿದ್ದ ಕಂಬಳಿ ಹೊದ್ದು, ಯಾರ ಮುಖವನ್ನೂ ನೋಡದೆ ನಿಂತಿದ್ದ. ಅವನ ದುರದೃಷ್ಟಕ್ಕೆ ಹೊಲದ ಯಜಮಾನ ರಾವಸಾಹೇಬರೂ ಅದೇ ಹೊತ್ತಿಗೆ ಮೋಟರ್ ಚಾಲೂ ಮಾಡಲು ಬಂದು, ಹೊಸಬರನ್ನು ಕಂಡು ಬದುವಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು.

"ಏನ್ ಮಾಳಸಿದ್ದ, ಮುಂಜಾನೆದ್ದ ಸಭಾ ಕೂಡೈತಿ?"

ಮಾಸ್ತರರು ಬಂದ ಕೆಲಸವನ್ನು ನೇರವಾಗಿ ಎತ್ತಿಕೊಂಡರು.

"ಮಾಳಸಿದ್ದಣ್ಣಾ, ಎಳ್ಳಮಾಸಿ ಮರುದಿನ ನನಗ ಇನ್ನೂರು ಕುರಿ ನನ್ನವು ಅಂತ ಹೇಳಿದ್ರಿ. ಈಗ ನಿಮ್ಮ ಮಗಳು ಅಲ್ಲ ಅಂತಾಳ. ಯಾವುದ ಖರೆ?"

ಕೃಷ್ಣೆಯ ಕಡೆಯಿಂದ ತಣ್ಣಗೆ ಗಾಳಿ ಬೀಸುತ್ತಿತ್ತು. ಮಾಳಸಿದ್ದ ಒಮ್ಮೆ ರಾವಸಾಹೇಬರ ಕಡೆ, ಒಮ್ಮೆ ಮಗಳ ಕಡೆ ನೋಡಿದ. ಗಂಗಾ ತಲೆ ತಗ್ಗಿಸಿದಳು. ತಾನು ಈ ಪ್ರಶ್ನೆಯನ್ನು ಇಲ್ಲಿಯವರೆಗೆ ಕರೆದುಕೊಂಡು ಬಂದದ್ದು ಸರಿಯಾಗಲಿಲ್ಲ ಎಂದು ಆ ಕ್ಷಣ ಅವಳಿಗೆ ಖಚಿತವಾಗಿ ಅನಿಸಿತು. ಬ್ಯಾಡ ಬಿಡ್ರಿ ಸರ್ ಎನ್ನಲು ಬಾಯಿ ತೆರೆದಳು ಕೂಡ.

ಅಷ್ಟರಲ್ಲಿ ಮಾಳಸಿದ್ದ ಕಂಬಳಿಯನ್ನು ಬೇಲಿಯ ಗೂಟಕ್ಕೆ ಹಾಕಿ, ಬಲೆ ದಾಟಿ ಒಳಗೆ ಇಳಿದ. ಹತ್ತಿರದ ಒಂದು ಕುರಿಯ ಕೊರಳು ಹಿಡಿದು ಎಡಗಿವಿ ಎತ್ತಿ ತೋರಿಸಿದ. ತುದಿ ನೇರವಾಗಿ ಕತ್ತರಿಸಿತ್ತು.

"ಇದು ರಾವಸಾಹೇಬರದು." ಅದನ್ನು ಬಿಟ್ಟು ಇನ್ನೊಂದನ್ನು ಎಳೆದ. ಬಲಗಿವಿಯ ಅಂಚಿಗೆ ಎರಡು ಕಚ್ಚು. "ಇದು ಮಾಂಜರಿ ಊರ ಮಂದೀದು." ಮೂರನೆಯದರ ಕಿವಿ ನಡುವೆ ಸೀಳಿತ್ತು. "ನಮ್ಮೂರ ಭರಮುಂದು. ಟ್ರ್ಯಾಕ್ಟರ್ ಯಾರದೈತಿ, ಅವಂದ."

"ಮತ್ತ ನಿಮ್ಮವು?" ಎಂದರು ಮಾಸ್ತರರು.

ಮಾಳಸಿದ್ದ ಹಿಂಡಿನೊಳಗೆ ನಡೆದ. ಬಗ್ಗಿ, ದೊಗಳೆ ಕಿವಿಯ ಒಂದು ಕಪ್ಪು ಕುರಿಯನ್ನು ಎತ್ತಿ ಬದುವಿನ ಹತ್ತಿರ ತಂದು ಇಳಿಸಿದ. ಎರಡೂ ಕಿವಿ ಇದ್ದ ಹಾಗೇ ಇದ್ದವು.

"ಕತ್ರಿ ಹಚ್ಚಲಾರದ್ದು ನಂದು. ಇಂಥವು ಮೂವತ್ತೊಂದ ಅದಾವು. ಬೇಕಾದ್ರ ಎಲ್ಲಾ ತಂದ ನಿಂದ್ರಸ್ತೀನಿ."

ಮಾಸ್ತರರು ಚಪ್ಪಲಿ ಬಿಟ್ಟು ತಾವೇ ಬಲೆ ದಾಟಿದರು. ಪಂಚೆ ಎತ್ತಿ ಕಟ್ಟಿ, ಕುರಿಗಳ ನಡುವೆ ನುಗ್ಗಿ, ಒಂದೊಂದರ ಕಿವಿಗೂ ಕೈ ಹಾಕುತ್ತ ಹೋದರು. ಅವರ ಕೈ ಆ ಕೆಲಸ ಬಲ್ಲದ್ದಾಗಿತ್ತು, ಕುರಿಗಳು ಬೆದರಲಿಲ್ಲ. ಕಾಲು ತಾಸಿನ ಮೇಲೆ ಹೊರಗೆ ಬಂದಾಗ ಪಂಚೆಗೆ ಹಿಕ್ಕೆ ಮೆತ್ತಿತ್ತು, ಮುಖ ಸಡಿಲವಾಗಿತ್ತು.

"ನಮ್ಮಪ್ಪನೂ ತನ್ನ ಕುರಿಗೆ ಕತ್ರಿ ಹಚ್ಚತಿರಲಿಲ್ಲ," ಎಂದರು, ಯಾರಿಗೆಂದಿಲ್ಲದೆ. "ನಮ್ಮವನ್ನ ಮುಖ ನೋಡಿದ್ರ ಗೊತ್ತಾಗತೈತಿ, ಗುರುತು ಯಾಕ ಬೇಕು ಅಂತಿದ್ದ."

ಬದುವಿನ ಮೇಲಿದ್ದ ರಾವಸಾಹೇಬರಿಗೆ ಈಗ ಎಲ್ಲ ಅರ್ಥವಾಗಿತ್ತು. ಅವರು ಎದ್ದು ನಿಂತರು.

"ಅಂದ್ರ ಮಾಳಸಿದ್ದ, ನನ್ನ ಕುರಿ ನಿನ್ನವು ಅಂತ ಹೇಳಿಕೊಂಡ ಅಡ್ಡಾಡಾಕತ್ತಿ?"

ಮಾಳಸಿದ್ದ ಕೈ ಕಟ್ಟಿ ನಿಂತ. "ತಪ್ಪಾತ್ರಿ ಧಣ್ಯಾರ. ಹೆಣ್ಣ ನೋಡಾಕ ಬಂದಾರ ಅಂತ ತಿಳಕೊಂಡ ಹೇಳಿದ್ನಿ. ಮಾರೂ ವಿಚಾರದಾಗ ಅಲ್ಲ. ಇಪ್ಪತ್ತು ವರ್ಷದಾಗ ನಿಮ್ಮ ಒಂದ ಮರಿ ತಪ್ಪೈತೇನು, ನೀವ ಹೇಳ್ರಿ."

ಗಂಗಾ ರಾವಸಾಹೇಬರ ಬಾಯಿಯನ್ನೇ ನೋಡುತ್ತಿದ್ದಳು. ಅಲ್ಲಿಂದ ಬರುವ ಮಾತಿನ ಮೇಲೆ ಲ್ಯಾಪ್‌ಟಾಪಿಗಿಂತ ದೊಡ್ಡದು ನಿಂತಿತ್ತು.

"ಹೆಣ್ಣ ನೋಡಾಕ?" ಎಂದರು ಕೊನೆಗೆ. "ಬೀಗರು ಅಂತ ತಿಳಕೊಂಡು?"

"ಹೌದ್ರಿ."

"ಈ ಮಾಸ್ತರನ್ನ?"

"ಹೌದ್ರಿ."

ರಾವಸಾಹೇಬರ ಹೊಟ್ಟೆ ಮೊದಲು ಕುಣಿಯಿತು, ನಗು ಆಮೇಲೆ ಬಂತು. "ನಮ್ಮ ಮಗಳು ಲಕ್ಷ್ಮಿಬಾಯಿ ಲಗ್ನದಾಗ ನಮ್ಮ ಅಣ್ಣನ ಆರು ಎಕರೆ ನಂದ ಅಂತ ಹೇಳಿದ್ನಿ ನಾ! ಅಣ್ಣ ಅಲ್ಲೇ ಕುಂತು ಹೂಂ ಹೂಂ ಅಂದ. ಅವನ ಮಗಳ ಲಗ್ನದಾಗ ನಂದು ಅವನ ಹೆಸರಿಗೆ ಆತು. ಅದರಾಗೇನೈತಿ! ಆದ್ರ ಮಾಳಸಿದ್ದ, ಮುಂದಿನ ಸಲ ನನಗ ಒಂದ ಮಾತ ತಿಳಸು. ನಾನೂ ಬಂದು ಹೂಂ ಅಂತೀನಿ."

ಮಾಳಸಿದ್ದ ನಗಲಿಲ್ಲ, ಆದರೆ ಕಟ್ಟಿದ ಕೈ ಬಿಚ್ಚಿದ. ಬಲೆಯ ಒಂದು ಗೂಟ ಕಿತ್ತು ದಾರಿ ಮಾಡಿದ. ಇನ್ನೂರು ಕುರಿಗಳೂ ಒಟ್ಟಿಗೆ ಹೊರಬಿದ್ದವು.

ಮಾಸ್ತರರು ಅಲ್ಲೇ ನಿಂತು ನಿಪ್ಪಾಣಿಗೆ ಫೋನ್ ಹಚ್ಚಿದರು. ಸ್ಪೀಕರಿನಲ್ಲಿ ತ್ರಿಶಲಾ ಮೇಡಂ ಎಲ್ಲವನ್ನೂ ಕೇಳಿದರು, ಎರಡು ಸಲ "ಅಯ್ಯ!" ಎಂದರು.

"ಮಾಸ್ತರ್ರ, ಹನ್ನೆರಡೂ ಹೆಸರು ಹೋಗ್ಯಾವಲ್ಲ. ಯಾರದು ತಗೀಲಿ?"

ಗಂಗಾ ಫೋನಿನ ಕಡೆ ಒಂದು ಹೆಜ್ಜೆ ಹತ್ತಿರ ಬಂದಳು.

"ಯಾರದೂ ತಗೀಬ್ಯಾಡ್ರಿ. ತಪ್ಪು ನಂದು," ಎಂದರು ಮಾಸ್ತರರು. "ಮತ್ತೊಂದ ಇಲ್ಲೇನ್ರಿ?"

"ಒಂದ ಐತಿ. ಬ್ಯಾಟರಿ ಸತ್ತೈತಿ ಅದರದು. ಹೊಸಾದು ಸಿಗವಲ್ದು. ವೈರ್ ಹಚ್ಚಿದ್ರ ಅಷ್ಟ ನಡೀತೈತಿ, ತಗದ ಕೂಡಲೇ ಬಂದ್. ಇಂಥಾದ್ದು ಹೆಂಗ ಕೊಡೂದಂತ ಮೂಲ್ಯಾಗ ಇಟ್ಟೇನಿ."

"ಮೇಡಂ, ಅದ ಕೊಡ್ರಿ," ಎಂದಳು ಗಂಗಾ ಫೋನಿಗೆ ಬಾಗಿ. "ವೈರ್ ಹಚ್ಚೇ ಇಡತೀನಿ."

ಭಾನುವಾರ ನಿಪ್ಪಾಣಿಯ ತ್ರಿಶಲಾ ಮೇಡಂ ಅವರ ಮನೆಯ ಪಡಸಾಲೆಯಲ್ಲಿ ಹದಿಮೂರು ಕುರ್ಚಿಗಳಿದ್ದವು. ಹಾರ, ಭಾಷಣ ಏನೂ ಇರಲಿಲ್ಲ. ಮೇಡಂಗೆ ಅದರಲ್ಲಿ ಆಸಕ್ತಿ ಇಲ್ಲ. ಒಬ್ಬೊಬ್ಬರೂ ಬಂದು, ಆನ್ ಮಾಡಿ ನೋಡಿ, ಪುಸ್ತಕಕ್ಕೆ ಸಹಿ ಹಾಕಿ, ಅವಲಕ್ಕಿ ತಿಂದು ಹೋಗಬೇಕು. ಗಂಗಾಳ ಸರದಿ ಕೊನೆಯದು. ಲ್ಯಾಪ್‌ಟಾಪ್ ದಪ್ಪಗಿತ್ತು, ಮುಚ್ಚಳದ ಮೇಲೆ ಯಾವುದೋ ಕಂಪನಿಯ ನಂಬರಿನ ಚೀಟಿ ಅರ್ಧ ಹರಿದಿತ್ತು. ವೈರ್ ಸಿಕ್ಕಿಸಿ ಗುಂಡಿ ಒತ್ತಿದಳು. ಫ್ಯಾನು ಗಿರಣಿಯಂತೆ ಸದ್ದು ಮಾಡಿತು. ಪರದೆ ಕಪ್ಪಗೇ ಇತ್ತು. ಇನ್ನೂ ಕಪ್ಪಗೇ ಇತ್ತು.

"ತಡೀ, ವಯಸ್ಸಾಗೈತಿ ಅದಕ್ಕ," ಎಂದರು ಮೇಡಂ.

ಬೆಳಕು ಬಂತು. ಗಂಗಾ ಚೀಲದಿಂದ ಪೆನ್‌ಡ್ರೈವ್ ತೆಗೆದು ಹಾಕಿದಳು. ಬೇಕಾದ ಸಾಫ್ಟ್‌ವೇರನ್ನು ರೂಪಾಲಿ ಅದರಲ್ಲೇ ತುಂಬಿ ಕೊಟ್ಟಿದ್ದಳು. ಇಪ್ಪತ್ತು ನಿಮಿಷ ಹಿಡಿಯಿತು. ಉಳಿದ ಹನ್ನೆರಡು ಜನ ಹೋಗಿಯಾಗಿತ್ತು, ಮೇಡಂ ಕುರ್ಚಿ ಮಡಚಿಡುತ್ತಿದ್ದರು. ಗಂಗಾ ಪ್ರೋಗ್ರಾಂ ನಡೆಸಿದಳು. ಒಂದು ತಪ್ಪು ಬಂತು. ತಿದ್ದಿದಳು. ಇನ್ನೊಂದು ಬಂತು, ಅದನ್ನೂ ತಿದ್ದಿದಳು. ಆಮೇಲೆ ಪುಸ್ತಕದ ಹೆಸರು, ಪಡೆದವರ ಹೆಸರು ಕೇಳುವ ಚೌಕ ಪರದೆಯ ನಡುವೆ ಬಂದು ನಿಂತಿತು. ತಿಂಗಳುಗಟ್ಟಲೆ ಮೊಬೈಲಿನಲ್ಲಿ ಕುರುಡಾಗಿ ಬರೆದದ್ದನ್ನು ಅವಳು ತನ್ನದೇ ಎನ್ನಬಹುದಾದ ಪರದೆಯ ಮೇಲೆ ಅದೇ ಮೊದಲ ಸಲ ನೋಡಿದಳು.

"ನಡೀತೇನ?" ಎಂದರು ಮೇಡಂ.

"ನಡೀತರಿ."

"ಹಂಗಾದ್ರ ಅವಲಕ್ಕಿ ತಿನ್ನ. ಆಗಿಂದ ತಾಟ ಹಂಗ ಐತಿ."

ಗಂಗಾಳಿಗೆ ಅಷ್ಟು ಹಸಿವಾಗಿದೆ ಎಂದು ಆಗಲೇ ಗೊತ್ತಾದದ್ದು. ಎರಡು ತಾಟು ತಿಂದಳು. ಮೂರನೆಯದನ್ನು ಮೇಡಂ ಕೇಳದೆಯೇ ಹಾಕಿದರು.

ಇಪ್ಪತ್ತೆಂಟರಂದು ಅವಳು ಬೆಳಿಗ್ಗೆ ಎಂಟಕ್ಕೇ ಹೋಗಿ ಯುಪಿಎಸ್ ಇರುವ ಸಾಕೆಟ್ಟಿನ ಪಕ್ಕದ ಬೆಂಚು ಹಿಡಿದಳು. ಹೊರಗಿನಿಂದ ಬಂದ ಪರೀಕ್ಷಕರು ಆ ದಿನದ ಒಂಬತ್ತನೇ ಗ್ರಂಥಾಲಯ ಪ್ರೋಗ್ರಾಂ ನೋಡಿ ಆಕಳಿಸಿದರು, ಮೂರು ಪ್ರಶ್ನೆ ಕೇಳಿದರು, ಗೈಡ್ ಸಹಿ ಹಾಕಿದರು. ಒಟ್ಟು ಹನ್ನೊಂದು ನಿಮಿಷ.

ಹೊರಗೆ ಬಂದು ಅವಳು ಅಪ್ಪನಿಗೆ ಫೋನ್ ಮಾಡಿದಳು. ಹಿಂಡು ಅಂಕಲಿ ಬಿಟ್ಟು ಬೇರೆ ಹೊಲಕ್ಕೆ ನಡೆದಿತ್ತು. ಹಿಂದೆ ಕುರಿಗಳ ಕೂಗು, ಅವನ ಹೆಜ್ಜೆಯ ಸದ್ದು ಕೇಳುತ್ತಿತ್ತು.

"ಅಪ್ಪಾ, ಆತು. ಸಹಿ ಬಿತ್ತು."

"ಆತಾ?" ಅವನು ಯಾರಿಗೋ ಕುರಿ ತಿರುಗಿಸಲು ಕೂಗಿ ಹೇಳಿ, ಮತ್ತೆ ಫೋನಿಗೆ ಬಂದ. "ಛಲೋ ಆತು ಬಿಡವಾ. ಇವತ್ತ ಒಂದ ದಿನ ಸುಮ್ಮ ಮಲಕೊ."

ಗಂಗಾ ಹಾಸ್ಟೆಲಿಗೆ ಹೋಗಿ, ನಡುಹಗಲು ಎರಡು ಗಂಟೆಗೆ, ಚಾದರ ಎಳೆದುಕೊಂಡು ಮಲಗಿಬಿಟ್ಟಳು.